ಬಾಡಿಗೆ ಮನೆಗೆ ಕ್ಯಾಮೆರಾ ಕೊಳ್ಳುವ ಮೊದಲು

ಕರೆಂಟ್ ಹೋದರೆ ರೂಟರ್ ಆಫ್, ಮೊಬೈಲಿಗೆ ಅಲರ್ಟೂ ಬರಲ್ಲ. ಹಾಗಾಗಿ ಮೊದಲ ಖರ್ಚು ರೂಟರಿಗೊಂದು ಮಿನಿ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಅದನ್ನು ನಡೆಸುವ ಪುಟ್ಟ ಬ್ಯಾಟರಿ. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದೆಯೋ 9 ಅಂತಿದೆಯೋ ನೋಡಿಕೊಂಡೇ ತಗೊಳ್ಳಿ. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಸಿಗುತ್ತದೆ. ಫೋನ್ 5 ಗಿಗಾಹರ್ಟ್ಸ್ ವೈಫೈನಲ್ಲಿದ್ದರೆ ಎಷ್ಟೋ ಸಲ ಸೆಟಪ್ ಅರ್ಧಕ್ಕೇ ನಿಲ್ಲುತ್ತದೆ.

ಗೋಡೆ ಕೊರೆದರೆ ಓನರ್ ಅಡ್ವಾನ್ಸಲ್ಲಿ ಹಿಡಿದುಕೊಳ್ಳಬಹುದು. ಬಾಗಿಲು ತೆರೆದರೆ ತಿಳಿಸುವ ಸೆನ್ಸರಿಗೆ ಎರಡೂ ಕಡೆ ಅಂಟುವ ಟೇಪ್ ಸಾಕು, ಆದರೆ ಡಿಸ್ಟೆಂಪರ್ ಗೋಡೆಗಲ್ಲ, ಒರೆಸಿ ಒಣಗಿಸಿದ ಮರದ ಚೌಕಟ್ಟಿಗೆ. ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟಿಗೂ ಸೆನ್ಸರಿಗೂ ನಡುವಿನ ಅಂತರ 1 ಸೆಂಟಿಮೀಟರ್ ಒಳಗಿರಲಿ, ದೂರವಾದರೆ ಬಾಗಿಲು ಮುಚ್ಚಿದ್ದರೂ ತೆರೆದಿದೆ ಅನ್ನುತ್ತದೆ.

ಕ್ಯಾಮೆರಾ ತಿರುಗಿಸುವಾಗ ಎದುರು ಮನೆ ಬಾಗಿಲು ಫ್ರೇಮಿನಿಂದ ಹೊರಗಿಡಿ. ನಮ್ಮ ಧೈರ್ಯಕ್ಕೆ ಅವರು ಬಂದುಹೋಗುವುದೆಲ್ಲ ಯಾಕೆ ರೆಕಾರ್ಡ್ ಆಗಬೇಕು?