ವ್ಯಾಲೆಂಟೈನ್ಸ್ ಡೇ ಕಾರ್ಡ್ ಮಾರುವವರು ಹುಟ್ಟಿಸಿದ್ದಾ?

ಫೆಬ್ರವರಿ ಬಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಈ ವ್ಯಾಲೆಂಟೈನ್ಸ್ ಡೇ ಅನ್ನೋದು ಕಾರ್ಡು, ಚಾಕೊಲೇಟು ಮಾರೋರು ಹುಟ್ಟಿಸಿದ್ದು ಅಲ್ವಾ?"

ಅಲ್ಲ. ವ್ಯಾಪಾರ ಇದಕ್ಕೆ ಅಂಟಿಕೊಂಡಿದ್ದು ತೀರಾ ಈಚೆಗೆ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿ (ಅಲ್ಲಿನ ಚಿಲ್ಲರೆ ನಾಣ್ಯ) ಕೊಟ್ಟು ಕಾಗದ ಕಳಿಸುವ ಅಂಚೆ ಶುರುವಾಯಿತು. ಆಮೇಲೆ ಕಾರ್ಡುಗಳ ಭರಾಟೆ ಜೋರಾಯಿತು. ಕ್ಯಾಡ್ಬರಿಯವರ ಹೃದಯದಾಕಾರದ ಚಾಕೊಲೇಟ್ ಡಬ್ಬಿ ಬಂದಿದ್ದು 1860ರ ದಶಕದಲ್ಲಿ. ಹಬ್ಬ ಅದಕ್ಕಿಂತ ಎಷ್ಟೋ ಹಳೆಯದು.

ಹಾಗಾದರೆ ಸಂತ ವ್ಯಾಲೆಂಟೈನ್ ಕಥೆ ನಿಜವಾ? ರೋಮ್ ಚಕ್ರವರ್ತಿ ಸೈನಿಕರಿಗೆ ಮದುವೆಯೇ ಬೇಡ ಅಂದನಂತೆ, ಈತ ಗುಟ್ಟಾಗಿ ಮದುವೆ ಮಾಡಿಸಿ ತಲೆ ಕಳೆದುಕೊಂಡನಂತೆ. ಚೆಂದದ ಕಥೆ, ಆದರೆ ಆ ಕಾಲದ ಯಾವ ದಾಖಲೆಯಲ್ಲೂ ಇಲ್ಲ. ಫೆಬ್ರವರಿ 14ರ ಜೊತೆ ಇಬ್ಬರು ವ್ಯಾಲೆಂಟೈನರ ಹೆಸರು ಸೇರಿಕೊಂಡಿದೆ. ಒಬ್ಬರು ರೋಮ್‌ನ ಪಾದ್ರಿ, ಇನ್ನೊಬ್ಬರು ಟೆರ್ನಿ ಊರಿನ ಬಿಷಪ್. ಇಬ್ಬರ ಬಗ್ಗೆಯೂ ಖಚಿತವಾಗಿ ಗೊತ್ತಿರುವುದು ತೀರಾ ಕಡಿಮೆ. 1969ರಲ್ಲಿ ಕ್ಯಾಥೊಲಿಕ್ ಚರ್ಚೇ ಈ ಸಂತನ ದಿನವನ್ನು ಎಲ್ಲ ಕಡೆಗೂ ಅನ್ವಯಿಸುವ ತನ್ನ ಹಬ್ಬಗಳ ಸಾಮಾನ್ಯ ಕ್ಯಾಲೆಂಡರಿನಿಂದ ಕೈಬಿಟ್ಟಿತು.

ಈ ದಿನಕ್ಕೂ ಪ್ರೀತಿಗೂ ನಂಟು ಹಾಕಿದ್ದು ಹಕ್ಕಿಗಳು ಅಂತ ನಾನು ಹೇಳುತ್ತೇನೆ. 1380ರ ಆಸುಪಾಸಿನಲ್ಲಿ ಇಂಗ್ಲಿಷ್ ಕವಿ ಚಾಸರ್ ಹಕ್ಕಿಗಳ ಸಭೆಯ ಬಗ್ಗೆ ಒಂದು ಕವಿತೆ ಬರೆದ. ಅದರಲ್ಲಿ ವ್ಯಾಲೆಂಟೈನ್ ದಿನ ಪ್ರತಿ ಹಕ್ಕಿಯೂ ತನ್ನ ಜೋಡಿ ಆರಿಸಿಕೊಳ್ಳಲು ಬರುತ್ತದೆ. ಇದಕ್ಕಿಂತ ಹಿಂದೆ ಈ ದಿನ ಪ್ರೀತಿಯ ದಿನವಾಗಿತ್ತು ಅನ್ನೋದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಆಮೇಲೆ ಜನ ಇದನ್ನು ತಮ್ಮದಾಗಿಸಿಕೊಂಡರು. ಅವತ್ತು ಬೆಳಿಗ್ಗೆ ಮೊದಲು ಕಣ್ಣಿಗೆ ಬಿದ್ದವರೇ ನಿಮ್ಮ ವ್ಯಾಲೆಂಟೈನ್, ಅಂದರೆ ಆ ದಿನದ ಜೋಡಿ, ಅನ್ನುವ ನಂಬಿಕೆ ಇಂಗ್ಲೆಂಡಿನಲ್ಲಿತ್ತು. 1662ರಲ್ಲಿ ಡೈರಿಗೆ ಹೆಸರಾದ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಮನೆಯಲ್ಲಿ ಬಣ್ಣದ ಕೆಲಸ ನಡೆಯುತ್ತಿತ್ತು. ಕೆಲಸದವರು ಎಲ್ಲಿ ಕಣ್ಣಿಗೆ ಬೀಳುತ್ತಾರೋ ಅಂತ ಅವನ ಹೆಂಡತಿ ಬೆಳಿಗ್ಗೆಯೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದೇ ಇದ್ದಳಂತೆ. ಪೀಪ್ಸ್ ಇದನ್ನು ಡೈರಿಯಲ್ಲಿ ಬರೆದಿಟ್ಟಿದ್ದಾನೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಾತ್ರ 1477ರ ಫೆಬ್ರವರಿಯ ಒಂದು ಕಾಗದ. ಬರೆಸಿದವಳು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಹುಡುಗಿ ಮಾರ್ಜರಿ ಬ್ರೂಸ್, ಹೋಗಿದ್ದು ಜಾನ್ ಪ್ಯಾಸ್ಟನ್ ಹೆಸರಿಗೆ. "ನನ್ನ ಅತಿ ಪ್ರೀತಿಯ ವ್ಯಾಲೆಂಟೈನ್" ಅಂತ ಅವನನ್ನು ಕರೆಯುತ್ತಾಳೆ. ಮದುವೆ ಮಾತು ನಿಂತಿದ್ದು ದುಡ್ಡಿನ ಹತ್ತಿರ. ವರದಕ್ಷಿಣೆ ಹೆಚ್ಚಿಸಲು ಅಪ್ಪ ಒಪ್ಪುತ್ತಿಲ್ಲ, ಅಮ್ಮ ಎಷ್ಟು ಹೇಳಿದರೂ ಆಗುತ್ತಿಲ್ಲ. ಹಾಗಾಗಿ ಹುಡುಗಿ ನೇರವಾಗಿ ಅವನಿಗೇ ಹೇಳುತ್ತಾಳೆ: ನನ್ನನ್ನು ಪ್ರೀತಿಸುತ್ತೀಯ ಅಂತ ನಂಬಿದ್ದೇನೆ, ಇದೊಂದು ಕಾರಣಕ್ಕೆ ಬಿಟ್ಟು ಹೋಗಬೇಡ. ನಿನ್ನ ಸುದ್ದಿ ಬರುವ ತನಕ ಮೈ ಮನಸ್ಸು ಎರಡಕ್ಕೂ ನೆಮ್ಮದಿ ಇಲ್ಲ ಅಂತಲೂ ಹೇಳುತ್ತಾಳೆ. ಈ ಕಾಗದ ನಿನ್ನನ್ನು ಬಿಟ್ಟು ಬೇರೆ ಯಾರ ಕಣ್ಣಿಗೂ ಬೀಳದಿರಲಿ ಅಂತ ಕೇಳಿಕೊಳ್ಳುತ್ತಾಳೆ.

ಅದೇ ವರ್ಷ ಅವರಿಬ್ಬರ ಮದುವೆಯಾಯಿತು. ಕಾಗದ ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿದೆ.