ಬೆನ್ ಅಂದರೆ ಬಾ

ಈ ವಾರ ಪೂರ್ತಿ ಸ್ಪ್ಯಾನಿಷ್‌ನಲ್ಲಿ ಸಲಿಗೆಯಿಂದ ‘ಮಾಡು, ಹೋಗು’ ಅನ್ನೋದನ್ನು ಕಲಿತೆ. ನಮ್ಮ ‘ನೀನು’ ಇದ್ದ ಹಾಗೆ ಅವರಿಗೆ ‘ತೂ’.

ಶುರು ಸುಲಭ. ‘ಆಬ್ಲಾ’ ಅಂದರೆ ಅವನು ಮಾತಾಡುತ್ತಾನೆ. ಅದನ್ನೇ ಎದುರಿಗಿರುವ ಗೆಳೆಯನಿಗೆ ಹೇಳಿದರೆ ‘ಮಾತಾಡು’. ‘ಕೋಮೆ’ ಅಂದರೆ ತಿನ್ನು. ಆದರೆ 8 ಕ್ರಿಯಾಪದಗಳು ಈ ದಾರಿಗೆ ಬರೋದೇ ಇಲ್ಲ. ದಿ, ಆಸ್, ಬೆ, ಪೋನ್, ಸಾಲ್, ಸೆ, ತೆನ್, ಬೆನ್. ಹೇಳು, ಮಾಡು, ಹೋಗು, ಇಡು, ಹೊರಡು, ಆಗಿರು, ಹಿಡಿ, ಬಾ. ಎಲ್ಲವೂ ಒಂದೇ ಉಸಿರಿನ ಪದಗಳು!

ಬಾಯಿಪಾಠ ಮಾಡುವಾಗ ಥಟ್ಟನೆ ನೆನಪಾಯಿತು. ನಾವೂ ‘ಬರು’ ಅನ್ನೋದಿಲ್ಲ, ‘ಬಾ’ ಅನ್ನುತ್ತೇವೆ. ‘ತರು’ ಅಲ್ಲ, ‘ತಾ’. ದಿನಾ ಮನೆಯಲ್ಲಿ ಓಡಾಡುವ ಮಾತುಗಳು ಬಳಸಿ ಬಳಸಿ ಸವೆದಿವೆ ಅನ್ಸುತ್ತೆ. ಎಷ್ಟು ಚೆಂದ ಅಲ್ವಾ?

ನನಗೆ ಜಾಸ್ತಿ ಕಷ್ಟವಾಗಿದ್ದು ‘ಬೇಡ’ ಅನ್ನೋದು. ನಮ್ಮಲ್ಲಿ ‘ಮಾತಾಡಬೇಡ’, ಮುಗೀತು. ಅಲ್ಲಿ ಕೊನೆಯ ಸ್ವರವೇ ಬದಲು: ‘ಆಬ್ಲಾ’ ಹೋಗಿ ‘ನೋ ಆಬ್ಲೆಸ್’. ‘ಬೆನ್’ ಹೋಗಿ ‘ನೋ ಬೆಂಗಾಸ್’. ಅದಕ್ಕಿನ್ನೂ ನಾಲಿಗೆ ತಿರುಗಬೇಕು.

ರಾತ್ರಿ ಜೊತೆಗೆ ಕಲಿಯುವ ಗೆಳತಿಗೆ ಮೊದಲ ಸಲ ಬರೆದೆ: ‘ಬೆನ್ ಆ ಕಾಸಾ’. ಮನೆಗೆ ಬಾ. ಭಾನುವಾರ ಬರ್ತಾಳಂತೆ.