ಕಪ್ಪೆಗಳನ್ನು ಎಣಿಸೋದು ಹೇಗೆ?

ಮಳೆಗಾಲ ಶುರುವಾದರೆ ಸಾಕು, ಉಡುಪಿಯಲ್ಲಿ ಗುರುತಿನವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "ಕತ್ತಲಲ್ಲಿ, ಆ ಮಳೆಯಲ್ಲಿ, ಅಷ್ಟು ಕಪ್ಪೆ ಹೇಗೆ ಎಣಿಸ್ತೀರಿ ಮಾರಾಯ್ರೆ? ಒಂದನ್ನೇ ಎರಡು ಸಲ ಎಣಿಸಿದರೆ?"

ನಾವು ಜಾಸ್ತಿ ನಂಬುವುದು ಕಿವಿಯನ್ನು. ಸಾಮಾನ್ಯವಾಗಿ ಕೂಗುವುದು ಗಂಡು ಕಪ್ಪೆ, ಹೆಣ್ಣನ್ನು ಕರೆಯಲು. ಒಂದೊಂದು ಜಾತಿಗೂ ಅದರದ್ದೇ ಕೂಗು. ಗದ್ದೆಯ ಹುಣಿಗೆ ಕಾಲಿಟ್ಟ ಕೂಡಲೇ ಎಲ್ಲವೂ ಬಾಯಿ ಮುಚ್ಚುತ್ತವೆ. ಟಾರ್ಚ್ ಆರಿಸಿ ಸುಮ್ನೆ ನಿಲ್ಲಬೇಕು. ಒಂದು ಧೈರ್ಯ ಮಾಡುತ್ತದೆ, ಅದರ ಹಿಂದೆ ಉಳಿದವು. ಆಮೇಲೆ 5 ನಿಮಿಷ ಕೇಳಿ, ಪ್ರತಿ ಜಾತಿಗೂ ಅಂಕ ಹಾಕುತ್ತೇವೆ. ಏನೂ ಕೇಳಿಸದಿದ್ದರೆ 0. ಬಿಡಿಬಿಡಿಯಾಗಿ ಕೂಗಿದರೆ 1. ಒಂದರ ಮೇಲೊಂದು ಕೂಗು ಬಿದ್ದರೂ ಬೇರೆ ಬೇರೆ ಅಂತ ಗೊತ್ತಾದರೆ 2. ಎಲ್ಲ ಸೇರಿ ಒಂದೇ ಗದ್ದಲವಾದರೆ 3. ಅಮೆರಿಕದಲ್ಲಿ ಸ್ವಯಂಸೇವಕರು ನಡೆಸಿದ ಸಮೀಕ್ಷೆಯಲ್ಲೂ ಇದೇ ಲೆಕ್ಕ ಇತ್ತು. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ವರ್ಷ ವರ್ಷವೂ ಹೋಗಿ ಅಂಕ ಏರಿತೋ ಇಳಿಯಿತೋ ನೋಡುತ್ತೇವೆ. ಒಂದೊಂದು ಕಪ್ಪೆಯನ್ನು ಎಣಿಸದೆ ಕೂಗಿಗೆ ಅಂಕ ಹಾಕುವುದರಿಂದ ಎರಡು ಸಲ ಎಣಿಸುವ ಹೆದರಿಕೆ ಅಷ್ಟಾಗಿ ಇಲ್ಲ.

0 ಬಂದರೂ ಬರೆಯಲೇಬೇಕು. ಆದರೆ ಒಂದು ರಾತ್ರಿಯ ಸೊನ್ನೆ ನೋಡಿ ಇಲ್ಲಿ ಕಪ್ಪೆಯೇ ಇಲ್ಲ ಅನ್ನಬಾರದು. ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ) ಕಳೆದು ಮೊದಲ ಜೋರು ಮಳೆ ಹೊಯ್ದಾಗ ಗೋಂಕುರು ಕಪ್ಪೆಯನ್ನು, ಅಂದರೆ ಗದ್ದೆಯ ದೊಡ್ಡ ಬುಲ್‌ಫ್ರಾಗ್ ಅನ್ನು, ನೋಡಿ. ಅಲ್ಲಿಯವರೆಗೆ ಕೆಸರಿನ ಬಣ್ಣದಲ್ಲಿದ್ದ ಗಂಡು ಅರಸಿನ ಮೆತ್ತಿದ ಹಾಗೆ ಹಳದಿಯಾಗಿರುತ್ತದೆ. ಕೂಗುವಾಗ ಗಂಟಲಿನ ಎರಡೂ ಪಕ್ಕ ನೀಲಿ ಚೀಲ ಉಬ್ಬುತ್ತದೆ. ಉಬ್ಬಿದಾಗ ಚರ್ಮ ಬಿಗಿದು ಹೊಳೆಯುತ್ತದೆ, ಕೂಗು ನಿಂತರೆ ಸುಕ್ಕಾಗಿ ಜೋಲುತ್ತದೆ. ಈ ಸಂಭ್ರಮ ಕೆಲವೇ ರಾತ್ರಿಗಳದ್ದು. ತಡವಾಗಿ ಹೋದವರ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ! ಇದರ ಕಾಲುಗಳನ್ನು ಒಂದು ಕಾಲದಲ್ಲಿ ವಿದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಸರಕಾರ ಆ ರಫ್ತು ನಿಲ್ಲಿಸಿತು. ಒಳ್ಳೆಯದೇ ಆಯಿತು.

ಕಪ್ಪೆ ನೋಡಲು ಘಟ್ಟಕ್ಕೇ ಹೋಗಬೇಕು ಅಂತೇನಿಲ್ಲ. 2018ರಲ್ಲಿ ಹೊಸ ಜಾತಿ ಅಂತ ಹೆಸರು ಪಡೆದ ಮೈಕ್ರೊಹೈಲಾ ಕೊಡಿಯಾಲ್ ಸಿಕ್ಕಿದ್ದು ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ. ಸುಮಾರು 2 ಸೆಂಟಿಮೀಟರ್ ಉದ್ದದ ಪುಟ್ಟ ಜೀವ. ಕೊಂಕಣಿಯವರು ಮಂಗಳೂರನ್ನು ಕರೆಯುವ ಹೆಸರೇ ಅದಕ್ಕೆ ಬಂತು. ಡಿಎನ್‌ಎ ನೋಡಿದರೆ ಅದರ ಹತ್ತಿರದ ನೆಂಟರು ಆಗ್ನೇಯ ಏಷ್ಯಾದವು.

ನೀವೂ ಕೈಜೋಡಿಸಬಹುದು. ಮಳೆ ಬರಲಿ ಅಂತ 2019ರಲ್ಲಿ ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆಯನ್ನೇ ಮಾಡಿಸಿದ್ದರು. ಮಳೆಗೂ ಕಪ್ಪೆಗೂ ಇರುವ ನಂಟನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ? ಮನೆಯ ಪಕ್ಕದ ತೋಡಿನ ಹತ್ತಿರ ನಿಂತು ತಾರೀಕು, ಹೊತ್ತು, ಮಳೆ ಇತ್ತೋ ಇಲ್ಲವೋ, ಅಂಕ ಎಷ್ಟು ಅಂತ ಬರೆದಿಡಿ. ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಯಾವ ಜಾತಿ ಅಂತ ಆಮೇಲೆ ಗುರುತಿಸಬಹುದು. ದಯವಿಟ್ಟು ಕೈಯಲ್ಲಿ ಹಿಡಿಯಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯ ಕ್ರೀಮು, ಸೊಳ್ಳೆ ಎಣ್ಣೆ ಎಲ್ಲ ಅದರೊಳಗೆ ಇಳಿಯುತ್ತದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದಾದರೆ ಬೂಟು ತೊಳೆದು ಒಣಗಿಸಿ. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ಸಾಯಿಸಿದ ಕೈಟ್ರಿಡ್ ಶಿಲೀಂಧ್ರ ಒದ್ದೆ ಬೂಟಿನ ಕೆಸರಿನಲ್ಲೂ ಸಾಗುತ್ತದೆ.